ನಾನು ತಿದ್ದದೆ ಬಿಟ್ಟ ಸಾಲು

ಸಬ್ಹಾನ್‌ನಲ್ಲಿರುವ ನಮ್ಮ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಸ್ತಕ ಅಚ್ಚಾಗುವುದು ಅಪರೂಪ. ಜ್ಯೂಸ್ ಡಬ್ಬಿಯ ಲೇಬಲ್ಲು, ಹೋಟೆಲಿನ ಮೆನು, ಮದುವೆಯ ಕಾರ್ಡು, ಔಷಧಿ ಪೆಟ್ಟಿಗೆಯೊಳಗೆ ಮಡಚಿಡುವ ಸಣ್ಣಕ್ಷರದ ಕಾಗದ: ಕುವೈತಿನಲ್ಲಿ ನನ್ನ ಹದಿನಾರು ವರ್ಷ ಇವುಗಳಲ್ಲೇ ಕಳೆದಿದೆ. ನಾನು ಅರಬಿ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವವನು. ಈ ಕೆಲಸ ಸಿಕ್ಕಿದ್ದು ಊರಿನ ಮದ್ರಸದ ದೆಸೆಯಿಂದ. ಬ್ಯಾರಿಗಳ ಮನೆಯ ಎಲ್ಲ ಮಕ್ಕಳ ಹಾಗೆ ನಾನೂ ಚಿಕ್ಕಂದಿನಲ್ಲಿ ಅರಬಿ ಅಕ್ಷರ ಕಲಿತಿದ್ದೆ. ಓದಲು ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಅರ್ಥವಾಗದವನೇ ಬೇಗ ಕೆಲಸ ಮುಗಿಸುತ್ತಾನೆ ಎಂದು ಮೊದಲಿದ್ದ ಮ್ಯಾನೇಜರ್ ನಗುತ್ತಿದ್ದ. ವರ್ಷಗಳು ಕಳೆದಂತೆ ಅರ್ಥವೂ ಆಗತೊಡಗಿತು. ಆಗದೇ ಇದ್ದಿದ್ದರೆ ನಾನೀಗ ಹೇಳಲಿರುವ ಪುಸ್ತಕದ ವಿಷಯದಲ್ಲಿ ನನ್ನ ಮೇಲೆ ಯಾವ ತಪ್ಪೂ ಇರುತ್ತಿರಲಿಲ್ಲ.

ಆ ಹಿರಿಯರು ಮೊದಲ ಸಲ ಬಂದಾಗ ಅವರ ಕೈಯಲ್ಲಿ ಆಸ್ಪತ್ರೆಯವರು ಎಕ್ಸ್‌ರೇ ಹಾಕಿಕೊಡುವ ದೊಡ್ಡ ಕವರಿತ್ತು. ಅದರೊಳಗೆ ನೀಲಿ ಶಾಯಿಯಲ್ಲಿ ಬರೆದ ಇನ್ನೂರು ಹಾಳೆಗಳು, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಿಂದ ಬರೆದ ಒಂದು ನಕ್ಷೆ.

"ನನ್ನ ಊರಿನ ಚರಿತ್ರೆ" ಎಂದರು.

ನಾನು ಯಾವ ಊರು ಎಂದು ಕೇಳಿದೆ. ಹೆಸರು ಹೇಳಿದರು. ನಾನು ಕೇಳಿರಲಿಲ್ಲ.

"ಈಗಿನ ನಕ್ಷೆಗಳಲ್ಲಿ ಇಲ್ಲ. ಅದಕ್ಕೇ ಬರೆದದ್ದು."

ಅವರು ಫೆಲೆಸ್ತೀನಿನವರು. ಊರು ಹೈಫಾದಿಂದ ದಕ್ಷಿಣಕ್ಕೆ, ಕಡಲ ದಂಡೆಯಲ್ಲಿತ್ತು. ನಲವತ್ತೆಂಟರ ಯುದ್ಧದಲ್ಲಿ ಊರು ಖಾಲಿಯಾದಾಗ ಅವರಿಗೆ ಒಂಬತ್ತು ವರ್ಷ. ಯೌವನದಲ್ಲಿ ಕುವೈತಿಗೆ ಬಂದು ಗಣಿತದ ಮೇಷ್ಟ್ರಾದರು. ತೊಂಬತ್ತೊಂದರ ಕೊಲ್ಲಿ ಯುದ್ಧದ ನಂತರ ಅವರ ಕಡೆಯವರು ಹೆಚ್ಚುಕಡಿಮೆ ಎಲ್ಲರೂ ಇಲ್ಲಿಂದಲೂ ಹೋಗಬೇಕಾಯಿತು. ಇವರು ಹೇಗೋ ಉಳಿದರು. ಈಗ ಇಲ್ಲಿಯೇ ಎಗೈಲಾ ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದರು. ಮಗಳು ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸದಲ್ಲಿದ್ದಳು. ಗುರುವಾರ ಮಧ್ಯಾಹ್ನ ಅವಳು ತಂದೆಯನ್ನು ನಮ್ಮ ಪ್ರೆಸ್ಸಿನ ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದಳು, ಸಂಜೆ ಬಂದು ಕರೆದುಕೊಂಡು ಹೋಗುತ್ತಿದ್ದಳು. ನಾವೆಲ್ಲ ಅವರನ್ನು ಉಸ್ತಾದ್ ಎಂದು ಕರೆದೆವು. ನನಗೆ ಅದು ಕಷ್ಟವಾಗಲಿಲ್ಲ, ನಮ್ಮ ಮದ್ರಸದ ಗುರುಗಳಿಗೂ ನಾವು ಅದನ್ನೇ ಹೇಳುವುದು.

ಬೇರೆ ಕೆಲಸ ಕಡಿಮೆ ಇರುವಾಗ ಮಾಡು ಎಂದು ಮಾಲೀಕ ಅಪ್ಪಣೆ ಕೊಟ್ಟಿದ್ದ. ಹಾಗಾಗಿ ಆ ಪುಸ್ತಕ ಹತ್ತಿರ ಹತ್ತಿರ ಒಂದು ವರ್ಷ ನನ್ನ ಮೇಜಿನ ಮೇಲೆ ಇತ್ತು. ಉಸ್ತಾದ್ ಪಕ್ಕದ ಕುರ್ಚಿಯಲ್ಲಿ ಕೂತು ನಾನು ಟೈಪ್ ಮಾಡಿದ ಪ್ರತಿ ಸಾಲನ್ನೂ ನೋಡುತ್ತಿದ್ದರು. ಒಂದು ಚುಕ್ಕಿ ಬಿಟ್ಟುಹೋದರೂ ಅವರ ಬೆರಳು ಪರದೆಯ ಮೇಲಿರುತ್ತಿತ್ತು. ಪುಸ್ತಕದಲ್ಲಿ ಊರಿನ ಮನೆತನಗಳಿದ್ದವು, ಯಾರ ಮನೆಗೆ ಯಾರು ಸೊಸೆಯಾಗಿ ಬಂದರು ಎಂಬುದಿತ್ತು, ಎಳ್ಳಿನ ಗದ್ದೆಗಳ ಹೆಸರುಗಳಿದ್ದವು, ಬೇರೆ ಬೇರೆ ಗಾಳಿಗೆ ಬೆಸ್ತರು ಇಟ್ಟ ಹೆಸರುಗಳಿದ್ದವು. ಒಂದು ಪುಟ ತುಂಬ ಬರೀ ಮೀನಿನ ಹೆಸರು. ಅವುಗಳಲ್ಲಿ ಒಂದೆರಡನ್ನು ನಾನು ಬೂತಾಯಿ, ಬಂಗುಡೆ ಇರಬಹುದೇ ಎಂದು ಊಹಿಸಿ ಹೇಳಿದೆ. ಅವರು ಸಿಟ್ಟಾದರು. "ನಮ್ಮ ಮೀನು ನಮ್ಮದೇ" ಎಂದರು.

ನಕ್ಷೆ ಮಾಡುವುದೇ ದೊಡ್ಡ ರಗಳೆಯಾಯಿತು. ಕ್ಯಾಲೆಂಡರಿನ ನಕ್ಷೆಯನ್ನು ಅಳತೆಗೆ ಸರಿಯಾಗಿ ಬರೆಯಬೇಕು ಎಂದು ಅವರ ಹಟ.

"ನಮ್ಮ ಮನೆಯಿಂದ ಬಾವಿಗೆ ಅರವತ್ತು ಹೆಜ್ಜೆ" ಎಂದರು.

ಬರೆದೆ. ಬಾವಿಯಿಂದ ಮಸೀದಿಗೆ, ಮಸೀದಿಯಿಂದ ದೋಣಿ ನಿಲ್ಲುವ ದಕ್ಕೆಗೆ, ಎಲ್ಲಕ್ಕೂ ಅವರ ಬಳಿ ಹೆಜ್ಜೆಯ ಲೆಕ್ಕವಿತ್ತು. ಎರಡು ಗುರುವಾರ ಕಳೆದ ಮೇಲೆ ನೋಡಿದರೆ ಮೂವತ್ತೆಂಟು ಮನೆಗಳಲ್ಲಿ ಅರ್ಧದಷ್ಟು ಕಡಲಿನೊಳಗೆ ನಿಂತಿದ್ದವು. ಎಲ್ಲಿ ತಪ್ಪಿತು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ನಾನು ಕೇಳಿದೆ:

"ಉಸ್ತಾದ್, ಈ ಹೆಜ್ಜೆಗಳು ಯಾರವು?"

ಅವರು ತಮ್ಮ ಕಾಲಿನ ಕಡೆ ನೋಡಿಕೊಂಡರು. ಒಂದು ಜಾಗದ್ದು ಒಂಬತ್ತು ವರ್ಷದ ಹುಡುಗನ ಹೆಜ್ಜೆ, ಇನ್ನೊಂದರದ್ದು ಅವರ ತಂದೆ ದೊಡ್ಡವರ ನಡಿಗೆಯಲ್ಲಿ ಹೇಳಿದ್ದು. ಎಪ್ಪತ್ತು ವರ್ಷಗಳಿಗೂ ಮೀರಿ ಎರಡನ್ನೂ ಒಂದೇ ಎಂದು ತಲೆಯಲ್ಲಿಟ್ಟುಕೊಂಡು ಬಂದಿದ್ದರು, ಅದೂ ಗಣಿತದ ಮೇಷ್ಟ್ರು.

ಯುರೋಪಿನ ಪಾಸ್‌ಪೋರ್ಟಿದ್ದ ಸಂಬಂಧಿಯೊಬ್ಬ ಆ ಜಾಗಕ್ಕೆ ಹೋಗಿ ವಿಡಿಯೋ ತೆಗೆದು ಕಳಿಸಿದ್ದ. ಉಸ್ತಾದ್ ತಮ್ಮ ಫೋನಿನಲ್ಲಿ ತೋರಿಸಿದರು. ಬಣ್ಣದ ಕೊಡೆಗಳ ಕೆಳಗೆ ಜನ ಮೈಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದರು. ಕಾರು ನಿಲ್ಲಿಸುವ ಬಯಲು, ಐಸ್‌ಕ್ರೀಮ್ ಅಂಗಡಿ, ಅದರ ಹಿಂದೆ ಕಲ್ಲಿನ ಒಂದೇ ಒಂದು ಕಮಾನು. ಈ ಚಿತ್ರವನ್ನೂ ಪುಸ್ತಕದಲ್ಲಿ ಹಾಕೋಣವೇ ಎಂದೆ.

"ಬೇಡ. ನನ್ನ ಪುಸ್ತಕ ನಲವತ್ತೆಂಟಕ್ಕೆ ಖಲಾಸ್."

ನಕ್ಷೆ ಸರಿಪಡಿಸಲು ಅವರ ಅಕ್ಕನೇ ಬೇಕಾಯಿತು. ಅಕ್ಕ ಅಮ್ಮಾನಿನಲ್ಲಿದ್ದರು. ಊರು ಬಿಡುವಾಗ ಆಕೆಗೆ ಹದಿಮೂರು, ಹಾಗಾಗಿ ತಮ್ಮನಿಗಿಂತ ಹೆಚ್ಚು ನೆನಪು. ಫೋನನ್ನು ಸ್ಪೀಕರಿಗೆ ಹಾಕಿ ಕೀಬೋರ್ಡಿನ ಪಕ್ಕ ಇಡುತ್ತಿದ್ದೆವು. ತಮ್ಮನನ್ನು ಆಕೆ ಖಯ್ಯಾ, ಅಂದರೆ ತಮ್ಮಾ, ಎಂದು ಕರೆಯುತ್ತಿದ್ದರು. "ಖಯ್ಯಾ, ರೊಟ್ಟಿ ಸುಡುವ ಒಲೆ ಬಾವಿಯ ಈಚೆಗೆ, ಆಚೆಗಲ್ಲ. ನೀನು ಯಾವಾಗ ಹಿಟ್ಟು ಹೊತ್ತುಕೊಂಡು ಹೋಗಿದ್ದೆ? ಹೊತ್ತವಳು ನಾನು." ಉಸ್ತಾದ್ ವಾದ ಮಾಡಿ ಸೋಲುತ್ತಿದ್ದರು. ಮುದ್ರಣದ ಅಚ್ಚು ಮಾಡುವ ಪ್ಲೇಟ್ ಸೆಕ್ಷನ್ನಿನಲ್ಲಿದ್ದ ನಮ್ಮ ಮಂಗಳೂರಿನ ತುಳುವರೊಬ್ಬರು, ನನಗಿಂತ ಹಿರಿಯರು, ಗಲಾಟೆ ಕೇಳಿ ಬಂದು ನಿಲ್ಲುತ್ತಿದ್ದರು. "ಎಂತ ಮಾರಾಯ, ಇವರದ್ದು ಜಾಗೆಯ ತಕರಾರಾ?" "ಹೌದು, ಆದ್ರೆ ಜಾಗೆ ಮಾತ್ರ ಇಲ್ಲ" ಎಂದೆ. ಅವರು ನಗಲಿಲ್ಲ.

ಒಂದೊಂದೇ ಮನೆ ಕಡಲಿನಿಂದ ಮೇಲೆ ಬಂದು ನಿಂತಿತು. ಕೊನೆಗೆ ಊರಿನ ಉತ್ತರದ ತುದಿಯಲ್ಲಿ ಖಬರಸ್ತಾನವನ್ನು ಗುರುತು ಮಾಡುತ್ತಿದ್ದಾಗ ಅಕ್ಕ ಕೇಳಿದರು:

"ಅಜ್ಜಿಯ ಬಗ್ಗೆ ಏನು ಬರೆದಿದ್ದೀಯ?"

ಉಸ್ತಾದ್ ನನ್ನ ಕಡೆ ನೋಡಿದರು, ಓದಬೇಡ ಎನ್ನುವ ಹಾಗೆ. ಅಕ್ಕ ಬಿಡಲಿಲ್ಲ. "ಮಗನೇ, ನೀನು ಓದು" ಎಂದು ನನಗೇ ಹೇಳಿದರು. ಓದಿದೆ. ತಂದೆಯ ತಾಯಿ ಕಣ್ಣು ಕಾಣದವರು, ಆ ವಸಂತದಲ್ಲಿ, ಊರು ಹೋಗುವ ಮೊದಲೇ, ತಮ್ಮ ಹಾಸಿಗೆಯಲ್ಲಿ ತೀರಿಕೊಂಡು ಕಡಲಿಗೆ ಎದುರಾಗಿ ಮಣ್ಣಾದರು ಎಂದು ಅದರಲ್ಲಿತ್ತು.



"ಖಯ್ಯಾ, ಅಜ್ಜಿ ಬದುಕಿದ್ದರು."

"ಇಲ್ಲ."

"ನೀರಿನ ಹೂಜಿ ತಂದು ಪಕ್ಕದಲ್ಲಿ ಇಟ್ಟವನು ನೀನು. ರೊಟ್ಟಿ ಸುತ್ತಿಟ್ಟವಳು ನಾನು. ಬಾಗಿಲು ಎಳೆದುಕೊಂಡು ಬಾ ಎಂದು ಅಪ್ಪ ಹೇಳಿದ್ದು ನಿನಗೆ."

ಉಸ್ತಾದ್ ಫೋನ್ ಆಫ್ ಮಾಡಿದರು. ಮಗಳು ಬರಲು ಇನ್ನೂ ಒಂದು ಗಂಟೆಯಿತ್ತು. ಅವರು ಹೊರಗೆ ಹೋಗಿ ಲಾರಿಗಳ ನಡುವೆ ಬಿಸಿಲಿನಲ್ಲೇ ನಿಂತರು. ನಾನು ಕರೆದರೂ ಒಳಗೆ ಬರಲಿಲ್ಲ.

ಮೂರು ವಾರ ಪತ್ತೆಯಿಲ್ಲ. ನಾಲ್ಕನೇ ಗುರುವಾರ ಬಂದವರು ನಾನು ಏನೂ ಕೇಳದಿದ್ದರೂ ಎಲ್ಲವನ್ನೂ ಹೇಳಿದರು. ಅವತ್ತು ಬೆಳಿಗ್ಗೆ ಉತ್ತರದ ಕಡೆ ಗುಂಡಿನ ಸದ್ದು ಕೇಳಿಸುತ್ತಿತ್ತಂತೆ. ಪಕ್ಕದ ಊರಿನವರು ಕಡಲ ದಂಡೆಯ ಹೊಯಿಗೆಯ ಮೇಲೆ ಓಡಿಕೊಂಡು ಬಂದರಂತೆ. ಕತ್ತೆಯ ಮೇಲೆ ತಾಯಿ ಮತ್ತು ಕೂಸು. ಅಜ್ಜಿಯನ್ನು ಹೊರಲು ಇನ್ನೊಂದು ಕತ್ತೆಯಿರಲಿಲ್ಲ, ತಂದೆಯ ಬೆನ್ನ ಮೇಲೆ ಮೂರು ವರ್ಷದ ತಮ್ಮನಿದ್ದ. ಎರಡು ದಿನ, ಹೆಚ್ಚೆಂದರೆ ಮೂರು ದಿನ, ಎಂದು ತಂದೆ ಅಜ್ಜಿಗೆ ಹೇಳಿದರು. ಮುದುಕಿಯನ್ನು ಯಾರು ಏನು ಮಾಡುತ್ತಾರೆ ಎಂದೂ ಹೇಳಿದರು. ಅಜ್ಜಿ ಅಳಲಿಲ್ಲವಂತೆ. ಬಾಗಿಲು ಎಳೆಯುವಾಗ ಒಳಗಿನಿಂದ, ಕೋಳಿಗಳಿಗೆ ಕಾಳು ಹಾಕಿದೆಯಾ ಎಂದು ಕೇಳಿದರಂತೆ. ಹಾಕಿದ್ದೇನೆ ಎಂದು ಇವರು ಸುಳ್ಳು ಹೇಳಿದರು. ಆಮೇಲೆ ಅಜ್ಜಿಗೆ ಏನಾಯಿತು ಎಂದು ಯಾರಿಗೂ ಗೊತ್ತಾಗಲಿಲ್ಲ.

"ಹಾಗಾದರೆ ಅದನ್ನೇ ಬರೆಯೋಣವಲ್ಲ ಉಸ್ತಾದ್."

"ನಮ್ಮ ಅಪ್ಪ ಕೆಟ್ಟವನಾಗಿರಲಿಲ್ಲ" ಎಂದರು. "ಆಮೇಲೆ ನಲವತ್ತು ವರ್ಷ ಬದುಕಿದ. ಒಂದು ದಿನವೂ ಬಾಗಿಲು ಮುಚ್ಚಿ ಮಲಗಲಿಲ್ಲ. ಅದನ್ನು ಎಷ್ಟು ಜನ ಓದುತ್ತಾರೆ? ತಾಯಿಯನ್ನು ಬಿಟ್ಟು ಓಡಿದ ಎಂದು ಮಾತ್ರ ಓದುತ್ತಾರೆ. ನಾವೇ ಊರು ಬಿಟ್ಟು ಹೋದೆವು, ಯಾರೂ ಓಡಿಸಲಿಲ್ಲ ಎಂದು ಹೇಳುವವರು ಈಗಾಗಲೇ ಇದ್ದಾರೆ. ಅವರ ಕೈಗೆ ನಮ್ಮ ಅಪ್ಪನನ್ನು ಕೊಡಲೇ? ನೀನಾಗಿದ್ದರೆ ಏನು ಮಾಡುತ್ತಿದ್ದೆ?"

ನಾನು ಹೇಳಿದೆ: "ನೀವು ಬರೆದ ಹಾಗೆಯೇ ಬರೆಯುತ್ತಿದ್ದೆ."

ಸುಮ್ಮನೆ ಸಮಾಧಾನಕ್ಕೆ ಹೇಳಿದ ಮಾತಲ್ಲ. ಯಾಕೆ ಎಂದು ಇಲ್ಲಿ ಹೇಳಬೇಕು. ಕಡಲ ಕರೆಯಲ್ಲಿದ್ದ ನಮ್ಮ ಊರೂ ಈಗ ಇಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಕಾರ್ಖಾನೆಗಾಗಿ ಅದನ್ನು ತೆಗೆದುಕೊಂಡರು. ಯಾರೂ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬಾರದು ಎಂದು ಮಸೀದಿಯ ಅಂಗಳದಲ್ಲಿ ನಮ್ಮವರು, ತುಳುವರು, ಕೊಂಕಣಿಯವರು ಎಲ್ಲ ಸೇರಿ ಆಣೆ ಮಾಡಿದ್ದರು. ಮೊದಲು ಸಹಿ ಹಾಕಿದವರು ನಮ್ಮ ಬಾಪ. ಯಾರಿಗೂ ಹೇಳದೆ ಬಸ್ಸಿನಲ್ಲಿ ಹೋಗಿ ಹಾಕಿ ಬಂದರು. ಒಂದು ಸಹಿ ಬಿದ್ದ ಮೇಲೆ ಉಳಿದವು ಬೀಳಲು ತಿಂಗಳು ಹಿಡಿಯಲಿಲ್ಲ. ಉಮ್ಮ ಎರಡು ವರ್ಷ ನೆರೆಯ ಹೆಂಗಸರ ಎದುರು ತಲೆ ಎತ್ತಲಿಲ್ಲ. ಇಲ್ಲಿ, ಕುವೈತಿನಲ್ಲಿ, ನಮ್ಮ ಕಡೆಯ ಯಾರಾದರೂ ಆ ಊರಿನ ಮಾತು ತೆಗೆದರೆ ನಾನು ಎಲ್ಲರೂ ಒಟ್ಟಿಗೆ ಹೋಗಿ ಸಹಿ ಹಾಕಿದ್ದು ಎನ್ನುತ್ತೇನೆ. ನನ್ನ ಮಕ್ಕಳಿಗೂ ಹಾಗೆಯೇ ಹೇಳಿದ್ದೇನೆ. ನಮ್ಮ ಕಷ್ಟವನ್ನು ಅವರ ಕಷ್ಟದ ಪಕ್ಕದಲ್ಲಿಟ್ಟು ತೂಗುತ್ತಿಲ್ಲ. ನಮ್ಮ ಮೇಲೆ ಯಾರೂ ಗುಂಡು ಹಾರಿಸಲಿಲ್ಲ, ನಮಗೆ ಬೇರೆ ಕಡೆ ಮನೆಯಾಯಿತು. ಆದರೆ ತಂದೆಯ ಮಾನ ಕಾಯಲು ಮಗ ಹೇಳುವ ಸುಳ್ಳು ಎಂಥದು ಎಂದು ನನಗೆ ಗೊತ್ತಿತ್ತು.

ಇದಾಗಿ ಒಂದು ತಿಂಗಳಿಗೆ, ಶುಕ್ರವಾರ ಜುಮ್ಮಾ ಮುಗಿಸಿ ಮನೆಗೆ ಬಂದು ಊಟಕ್ಕೆ ಕೂತಿದ್ದೆ, ಅಮ್ಮಾನಿನಿಂದ ಅಕ್ಕನ ಫೋನ್ ಬಂತು. ನಂಬರು ಉಸ್ತಾದರ ಮಗಳು ಕೊಟ್ಟದ್ದಂತೆ. ಆಕೆಯ ದನಿ ಮೊದಲಿನ ಹಾಗಿರಲಿಲ್ಲ, ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದರು.

"ಮಗನೇ, ಪುಸ್ತಕ ನಿನ್ನ ಕಂಪ್ಯೂಟರಿನಲ್ಲಿ ಇದೆಯಲ್ಲ?"

"ಇದೆ ಉಮ್ಮ" ಎಂದೆ, ತಾಯಿಯನ್ನು ಕರೆಯುವ ಹಾಗೆ.

"ಆ ಸಾಲು ತೆಗೆದುಹಾಕು. ನಾನು ಹೇಳಿದ್ದನ್ನು ಬರೆ. ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಬಂದೆವು, ಅವರು ಬದುಕಿದ್ದರು. ಅಷ್ಟು ಸಾಕು."

"ಪುಸ್ತಕ ಉಸ್ತಾದರದ್ದಲ್ಲವಾ ಉಮ್ಮ?"

"ಊರು ಅವನೊಬ್ಬನದಾ?" ಎಂದರು. ಕೆಮ್ಮಿದರು. "ಅಜ್ಜಿ ಒಬ್ಬರೇ ಊರಿನಲ್ಲಿ ಉಳಿದದ್ದು. ನಾವೆಲ್ಲ ಬಂದುಬಿಟ್ಟೆವು. ಹಾಗೆ ಉಳಿದ ಅಜ್ಜಿಯನ್ನು ಇವನು ಪುಸ್ತಕದಲ್ಲಿ ಮೊದಲೇ ಸಾಯಿಸಿದ್ದಾನೆ."

ಅನ್ನ ಆರುತ್ತಿತ್ತು. ಹೆಂಡತಿ ಯಾರು ಎಂದು ಸನ್ನೆಯಲ್ಲಿ ಕೇಳುತ್ತಿದ್ದಳು. ಮಾತು ಮುಗಿದರೆ ಸಾಕು ಎಂದು ನಾನು ಹೇಳಿಬಿಟ್ಟೆ:

"ಆಯ್ತು ಉಮ್ಮ. ತಿದ್ದುತ್ತೇನೆ."

ಆಕೆ ಅಳುತ್ತಾ ನನಗೂ ನನ್ನ ಮಕ್ಕಳಿಗೂ ನನ್ನ ತಂದೆ ತಾಯಿಗೂ ದುಆ ಮಾಡಿದರು. ತುಂಬ ಹೊತ್ತು ಮಾಡಿದರು.

ತಿದ್ದಬೇಕು ಎಂದು ಎರಡು ಸಲ ಆ ಪುಟ ತೆರೆದೆ. ಒಂದು ಸಲ ಸಾಲನ್ನು ಅಳಿಸಿಯೂ ನೋಡಿದೆ. ಖಾಲಿ ಜಾಗದಲ್ಲಿ ಕರ್ಸರ್ ಮಿಣುಕುತ್ತಿತ್ತು. ಇನ್ನೊಬ್ಬರ ತಂದೆಯ ಬಗ್ಗೆ ನಾನು ಯಾಕೆ ಬರೆಯಲಿ ಅನ್ನಿಸಿತು. ಹಳೆಯದನ್ನೇ ವಾಪಸು ತಂದು ಫೈಲು ಮುಚ್ಚಿದೆ.

ಕೊನೆಯ ಪ್ರೂಫ್ ದಿನ ಉಸ್ತಾದ್ ಬಂದರು. ನಾನು ಪೂರ್ತಿ ಪುಸ್ತಕವನ್ನು ಕಟ್ಟಿ ಮುಂದಿಟ್ಟೆ. ಅವರು ಕನ್ನಡಕವನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ. ಮೊದಲ ಪುಟ ತೆರೆದರು, ಮುಚ್ಚಿದರು, ಸಹಿ ಹಾಕಬೇಕಾದಲ್ಲಿ ಸಹಿ ಹಾಕಿದರು. ಒಂದು ಚುಕ್ಕಿಯನ್ನೂ ಬಿಡದ ಮನುಷ್ಯ. ನನಗೆ ವಿಚಿತ್ರವಾಗಿ ಕಂಡಿತು, ಆದರೆ ಕೇಳಲಿಲ್ಲ. ಪ್ಲೇಟ್ ಸೆಕ್ಷನ್ನಿನವರು ಅವಸರ ಮಾಡುತ್ತಿದ್ದರು. "ಎಂತ, ಪ್ಲೇಟ್ ಹಾಕುದಾ ಬೇಡ್ವಾ? ಪೇಪರ್ ಬಂದು ಬಿದ್ದಿದೆ ಅಲ್ವಾ."

"ಹಾಕಿ ಮಾರಾಯ್ರೇ" ಎಂದೆ.

ಪುಸ್ತಕ ಮೆಷಿನ್ನಿನ ಮೇಲಿದ್ದ ವಾರವೇ ಅಕ್ಕ ತೀರಿಕೊಂಡರು. ಉಸ್ತಾದರಿಗೆ ಅಮ್ಮಾನಿಗೆ ಹೋಗಲಾಗಲಿಲ್ಲ. ಅವರ ಹತ್ತಿರ ಇದ್ದದ್ದು ಪಾಸ್‌ಪೋರ್ಟ್ ಅಲ್ಲ, ನಿರಾಶ್ರಿತರಿಗೆ ಕೊಡುವ ಪ್ರಯಾಣದ ಪುಸ್ತಕ. ಅದಕ್ಕೆ ವೀಸಾ ಬರುವಷ್ಟರಲ್ಲಿ ಆಕೆಯನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು.

ಹತ್ತನೇ ದಿನ ಪುಸ್ತಕ ಒಯ್ಯಲು ಬಂದರು. ಬೈಂಡಿಂಗ್ ಕೋಣೆಯಲ್ಲಿ ಅಂಟಿನ ವಾಸನೆಯ ನಡುವೆ ಕಟ್ಟುಗಳ ಪಕ್ಕ ನಿಂತು ಒಂದು ಪ್ರತಿ ಎತ್ತಿಕೊಂಡರು. ಕನ್ನಡಕ ಹಾಕಿಕೊಂಡರು. ಪುಟದ ಸಂಖ್ಯೆ ಬಾಯಿಪಾಠವಿದ್ದ ಹಾಗೆ ನೇರವಾಗಿ ಆ ಪುಟಕ್ಕೇ ಹೋದರು. ಓದಿದರು. ಇನ್ನೊಂದು ಪ್ರತಿ ತೆಗೆದು ಅದರಲ್ಲೂ ಅದೇ ಪುಟ ನೋಡಿದರು, ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರಬಹುದು ಎನ್ನುವವರ ಹಾಗೆ.

"ನೀನು ತಿದ್ದಲಿಲ್ಲ" ಎಂದರು.

ಪುಸ್ತಕವನ್ನು ಮುಚ್ಚಿ ಕಟ್ಟಿನ ಮೇಲಿಟ್ಟರು.

"ಅಕ್ಕ ನನಗೆ ಹೇಳಿದ್ದಳು. ಅವನು ಒಪ್ಪಿದ್ದಾನೆ, ತಿದ್ದುತ್ತಾನೆ, ನೀನು ನೋಡದ ಹಾಗೆ ಇರು ಅಂದಳು. ಅದಕ್ಕೇ ನಾನು ಪ್ರೂಫ್ ನೋಡಲಿಲ್ಲ. ನನ್ನ ಕೈಯಿಂದ ಬರೆಯಲು ಆಗಲಿಲ್ಲ ಮಗನೇ. ನೀನು ಬರೆದಿರುತ್ತೀಯ ಅಂದುಕೊಂಡು ಸಹಿ ಹಾಕಿದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನಾನು ಏನೇನೋ ಹೇಳಿದೆ. ಮತ್ತೆ ಅಚ್ಚು ಹಾಕಲು ಮಾಲೀಕನನ್ನು ಕೇಳುತ್ತೇನೆ ಎಂದೆ. ಆಗುವ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಒಂದು ಸಣ್ಣ ತಿದ್ದುಪಡಿ ಚೀಟಿ ಮುದ್ರಿಸಿ ಎಲ್ಲ ಪ್ರತಿಗಳಲ್ಲೂ ಇಡೋಣ, ಇವತ್ತೇ ಮಾಡಿಕೊಡುತ್ತೇನೆ ಎಂದೆ.

"ಅಕ್ಷರದೋಷಗಳ ಪಟ್ಟಿಯಲ್ಲಿ ಅಜ್ಜಿಯನ್ನು ಹಾಕುತ್ತೀಯಾ?"

ಕಟ್ಟುಗಳನ್ನು ನಾನೇ ಹೊತ್ತು ಅವರ ಮಗಳ ಕಾರಿನ ಡಿಕ್ಕಿಯಲ್ಲಿಟ್ಟೆ. ಅಕ್ಕನ ಸಾವಿನಿಂದ ತಂದೆ ಹೀಗಾಗಿದ್ದಾರೆ ಎಂದು ಅವಳು ಭಾವಿಸಿದ್ದಳು. ನನಗೆ ಎರಡೆರಡು ಸಲ ಧನ್ಯವಾದ ಹೇಳಿದಳು.

ಅವರು ಪುಸ್ತಕಗಳನ್ನು ಹಂಚುವುದಿಲ್ಲ, ಮಂಚದ ಕೆಳಗೆ ಹಾಗೇ ಇಟ್ಟುಬಿಡುತ್ತಾರೆ ಅಂದುಕೊಂಡಿದ್ದೆ. ಆದರೆ ಪುಸ್ತಕ ಬಂದ ಸುದ್ದಿ ಮನೆಯವರಿಂದ ಹೊರಗೆ ಹೋಗಿತ್ತು. ಕುವೈತಿನಲ್ಲಿ ಉಳಿದಿರುವ ಆ ಊರಿನ ಐದಾರು ಮನೆಯವರು, ಅವರ ಮಕ್ಕಳು, ಮೊಮ್ಮಕ್ಕಳು ಸೇರಿ ಎಗೈಲಾದ ಅವರ ಕಟ್ಟಡದ ಕೆಳಗಿನ ಹಾಲಿನಲ್ಲಿ ಶುಕ್ರವಾರ ಸಂಜೆ ಒಂದು ಕಾರ್ಯಕ್ರಮ ಇಟ್ಟುಕೊಂಡರು. ಮಗಳು ನನ್ನನ್ನೂ ಕರೆದಳು. ಹೋಗದೆ ಇರಬಹುದಿತ್ತು. ಹೋದೆ.

ಗೋಡೆಗೆ ನಾನು ಮಾಡಿದ ನಕ್ಷೆಯನ್ನು ದೊಡ್ಡದು ಮಾಡಿ ಅಂಟಿಸಿದ್ದರು. ಆ ಊರನ್ನು ಕಣ್ಣಿಂದ ಕಂಡವರು ಅಲ್ಲಿ ಉಸ್ತಾದ್ ಒಬ್ಬರೇ. ಉಳಿದವರು ನಕ್ಷೆಯ ಮೇಲೆ ಬೆರಳಿಟ್ಟು ತಮ್ಮ ತಮ್ಮ ಮನೆ ಹುಡುಕುತ್ತಿದ್ದರು, ಫೋಟೋ ತೆಗೆದುಕೊಳ್ಳುತ್ತಿದ್ದರು. ಪುಸ್ತಕ ಮಾಡಿದವನು ಎಂದು ನನ್ನನ್ನು ಎದ್ದು ನಿಲ್ಲಿಸಿದರು. ಚಪ್ಪಾಳೆ ಹೊಡೆದರು. ಆಮೇಲೆ ಉಸ್ತಾದರ ಮೊಮ್ಮಗಳು, ಕಾಲೇಜಿಗೆ ಹೋಗುವವಳು, ಪುಸ್ತಕದಿಂದ ಒಂದು ಭಾಗ ಓದಿದಳು. ಯಾವುದನ್ನು ಓದಬೇಕು ಎಂದು ಅಜ್ಜನನ್ನು ಕೇಳಿರಲಿಲ್ಲ. ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ಆರಿಸಿಕೊಂಡಿದ್ದಳು.

ಕಣ್ಣು ಕಾಣದ ಮುದುಕಿ, ಆ ವಸಂತ, ಹಾಸಿಗೆಯಲ್ಲಿ ಬಂದ ಮರಣ, ಕಡಲಿಗೆ ಎದುರಾಗಿ ತೋಡಿದ ಗೋರಿ. ಹುಡುಗಿ ಚೆನ್ನಾಗಿ ಓದಿದಳು. ಹೆಂಗಸರು ಕಣ್ಣೊರೆಸಿಕೊಂಡರು. ಒಬ್ಬಾತ ಎದ್ದು ಬಂದು ಉಸ್ತಾದರ ಹಣೆಗೆ ಮುತ್ತಿಟ್ಟು ಹೇಳಿದ: "ಒಬ್ಬರಾದರೂ ತಮ್ಮ ಮಣ್ಣಿನಲ್ಲೇ ಮಲಗುವ ಭಾಗ್ಯ ಪಡೆದರಲ್ಲ, ಅಲ್‌ಹಮ್ದುಲಿಲ್ಲಾಹ್." ಉಸ್ತಾದ್ ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. ಹೇಳುತ್ತಾರೆ, ಈಗ ಹೇಳಿಬಿಡುತ್ತಾರೆ ಎಂದು ನಾನು ಕಾದೆ. ಹೇಳಲಿ ಎಂದು ಬಯಸಿದೆನೋ, ಹೇಳದಿರಲಿ ಎಂದೋ, ನನಗೇ ಗೊತ್ತಿಲ್ಲ.

ಚಹಾ ಕೊಡುವಾಗ ಮೊಮ್ಮಗಳು ಅಜ್ಜನ ಕೈ ಹಿಡಿದು ನಕ್ಷೆಯ ಹತ್ತಿರ ಕರೆದುಕೊಂಡು ಬಂದಳು.

"ಅವರ ಗೋರಿ ಎಲ್ಲಿತ್ತು ಅಜ್ಜ? ಸರಿಯಾಗಿ ತೋರಿಸಿ."

ಉಸ್ತಾದ್ ನಕ್ಷೆಯನ್ನು ನೋಡುತ್ತಾ ನಿಂತರು. ಅವರ ಕಣ್ಣು ಬಾವಿಯ ಪಕ್ಕದ ತಮ್ಮ ಮನೆಯ ಮೇಲೆ ಇತ್ತು. ಆಮೇಲೆ ಕೈ ಎತ್ತಿ ಉತ್ತರದ ತುದಿಯ ಖಬರಸ್ತಾನದ ಒಂದು ಮೂಲೆಯಲ್ಲಿ ಬೆರಳಿಟ್ಟರು.

"ಇಲ್ಲಿ" ಎಂದರು.

ಅವಳು ಪೆನ್ನಿನಿಂದ ಅಲ್ಲಿ ಸಣ್ಣದೊಂದು ಗುರುತು ಮಾಡಿದಳು. ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು: ಅಂಕಲ್, ಮುಂದಿನ ಸಲ ಅಚ್ಚು ಹಾಕುವಾಗ ನಕ್ಷೆಯಲ್ಲಿ ಈ ಗೋರಿಯನ್ನೂ ಸೇರಿಸಲು ಆಗುತ್ತದೆಯಾ?

ಉಸ್ತಾದ್ ಆಗ ನನ್ನನ್ನು ನೋಡಿದರು.

ಆಗುತ್ತದೆ ಎಂದೆ.